ಡೊಂಬಿವಲಿಯ ಲ್ಯಾಬಿಗೆ ಮಶೀನು ಬಂದ ಮೇಲೆ

ಲ್ಯಾಬಿಗೆ ಹೊಸ ಮಶೀನು ಬಂದಾಗಲೆಲ್ಲ, ಇನ್ನು ಮೇಲೆ ತಪ್ಪೂ ಇರುವುದಿಲ್ಲ, ತಮಾಷೆಯೂ ಇರುವುದಿಲ್ಲ ಅಂದುಕೊಳ್ಳುತ್ತೇನೆ. ತಪ್ಪು ನಿಜಕ್ಕೂ ಕಡಿಮೆಯಾಗಿದೆ. ತಮಾಷೆ ಮಾತ್ರ ಹೊಸ ಹೊಸ ಬಾಗಿಲು ಹುಡುಕಿಕೊಂಡು ಒಳಗೆ ಬರುತ್ತಲೇ ಇದೆ. ಉಡುಪಿಯಿಂದ ಮದುವೆಯಾಗಿ ಡೊಂಬಿವಲಿಗೆ ಬಂದವಳು ನಾನು. ಇಲ್ಲಿನ ಆಸ್ಪತ್ರೆಗಳ ಲ್ಯಾಬಿನಲ್ಲಿ ಟೆಕ್ನೀಶಿಯನ್ ಆಗಿ ಹದಿನೈದು ವರ್ಷ ಜನರ ಬೆರಳು, ತೋಳು ಚುಚ್ಚಿದ್ದೇನೆ. ಚುಚ್ಚಿಸಿಕೊಂಡವರಲ್ಲಿ ಕೆಲವರನ್ನು ಇನ್ನೂ ಮರೆತಿಲ್ಲ.

ಅಂಟಿಕೊಂಡದ್ದು

ನಾನು ಸೇರಿದಾಗ ನಮ್ಮ ಲ್ಯಾಬಿನಲ್ಲಿ ರಕ್ತಕಣ ಎಣಿಸುತ್ತಿದ್ದವರು ಒಬ್ಬ ಮರಾಠಿ ಕಾಕಾ. ಕಣ್ಣು ಮೈಕ್ರೋಸ್ಕೋಪಿನಲ್ಲಿ, ಹೆಬ್ಬೆರಳು ಎಣಿಕೆಯ ಗುಂಡಿಯ ಮೇಲೆ. ದಿನವಿಡೀ ಟಿಕ್ ಟಿಕ್ ಟಿಕ್. ಆಮೇಲೆ ಕಣ ಎಣಿಸುವ ಮಶೀನು ಬಂತು. ಕಾಕಾ ಅದಕ್ಕೆ ಹೂವಿನ ಹಾರ ಹಾಕಿ, ತೆಂಗಿನಕಾಯಿ ಒಡೆದು, ನಂತರ ಹದಿನೈದು ದಿನ ಅದರ ಜೊತೆ ಮಾತು ಬಿಟ್ಟರು.

ಒಂದು ಮಳೆಗಾಲ. ಪಕ್ಕದ ರಸ್ತೆಯಲ್ಲಿ ಹೋಟೆಲು ನಡೆಸುವ ನಮ್ಮೂರ ಕಡೆಯವರೊಬ್ಬರ ಹೆಂಡತಿಗೆ ಮೂರು ದಿನದಿಂದ ಜ್ವರ. ಪ್ಲೇಟ್‌ಲೆಟ್ ಬರೀ ಹದಿನೆಂಟು ಸಾವಿರ ಅಂತ ಮಶೀನು ಹೇಳಿತು. ಡೆಂಗ್ಯೂ ಇರಬಹುದು, ರಕ್ತ ಕೊಡುವವರನ್ನು ತಯಾರಾಗಿಡಿ ಅಂದರು ಡಾಕ್ಟರು. ಹೋಟೆಲಿನವರು ಶಟರ್ ಎಳೆದು ದೋಸೆ ಭಟ್ಟರಿಂದ ಹಿಡಿದು ಗಲ್ಲೆಯಲ್ಲಿ ಕೂರುವವರವರೆಗೆ ಎಂಟು ಮಂದಿಯನ್ನು ಕರೆತಂದು ನಿಲ್ಲಿಸಿದರು. ಎಲ್ಲರೂ ಆಗಲೇ ಅಂಗಿಯ ತೋಳು ಮಡಚಿಕೊಂಡಿದ್ದರು.

ಕಾಕಾ ಯಾರೂ ಹೇಳದೆ ಒಂದು ಹನಿ ರಕ್ತವನ್ನು ಗಾಜಿನ ಮೇಲೆ ಎಳೆದು ಮೈಕ್ರೋಸ್ಕೋಪಿನಲ್ಲಿ ನೋಡಿದರು. "ಏ ಮಗಳೇ, ಇಲ್ಲಿ ಬಾ. ಪ್ಲೇಟ್‌ಲೆಟ್ ಕಡಿಮೆಯಾಗಿಲ್ಲ. ಒಂದಕ್ಕೊಂದು ಅಂಟಿ ಗುಂಪು ಕಟ್ಟಿವೆ. ಮಶೀನು ಇಡೀ ಗುಂಪನ್ನು ಲೆಕ್ಕಕ್ಕೇ ಹಿಡಿದಿಲ್ಲ."

ರಕ್ತ ಹೆಪ್ಪುಗಟ್ಟದಿರಲಿ ಅಂತ ಟ್ಯೂಬಿನಲ್ಲಿ ಔಷಧಿ ಇರುತ್ತದೆ. ಅಪರೂಪಕ್ಕೆ ಕೆಲವರ ಪ್ಲೇಟ್‌ಲೆಟ್ ಆ ಔಷಧಿಯಿಂದಲೇ ಹಾಗೆ ಒಂದಕ್ಕೊಂದು ಅಂಟುತ್ತವೆ. ಬೇರೆ ಔಷಧಿಯ ಟ್ಯೂಬಿನಲ್ಲಿ ಮತ್ತೆ ರಕ್ತ ತೆಗೆದು ಮಶೀನಿಗೆ ಕೊಟ್ಟೆ. ಒಂದು ಲಕ್ಷ ಅರುವತ್ತು ಸಾವಿರ! ಕಾಕಾ ಆ ದಿನ ಮೊದಲ ಸಲ ಮಶೀನಿನ ಬೆನ್ನು ತಟ್ಟಿ, "ಕಲಿಯುತ್ತಾನೆ, ಹೊಸಬ" ಅಂದರು.

ಹೋಟೆಲಿನವರಿಗೆ ನಾನು ಎಲ್ಲ ವಿವರಿಸಿದೆ. ಅವರು ಕಣ್ಣೊರೆಸಿಕೊಂಡು, ಹೆಂಡತಿಯ ಕೈ ಒಮ್ಮೆ ಸವರಿ, ನನ್ನ ಕಡೆ ತಿರುಗಿದರು. "ತಟ್ಟೆಗೆ ಎಣ್ಣೆ ಹಚ್ಚದಿದ್ದರೆ ಇಡ್ಲಿಯೂ ಹೀಗೇ ಅಂಟುವುದು ಮಾರಾಯ್ತಿ. ನಾಳೆಯಿಂದ ನಿನ್ನ ಟ್ಯೂಬಿಗೆ ಸ್ವಲ್ಪ ಎಣ್ಣೆ ಸವರಿಡು!"

ಮೂರು ತಿಂಗಳ ನೆನಪು

ಬೇಲಾಪುರದ ಸರಕಾರಿ ಕಚೇರಿಗೆ ಹೋಗುತ್ತಿದ್ದ ಒಬ್ಬ ರಾಯರು ನಮ್ಮ ಖಾಯಂ ಸಕ್ಕರೆ ಪೇಶಂಟು. ಪರೀಕ್ಷೆಗೆ ಎರಡು ದಿನ ಮೊದಲು ಹಾಗಲಕಾಯಿ, ಮೆಂತೆ, ಬೆಳಗ್ಗೆ ವಾಕಿಂಗು. ರಿಪೋರ್ಟು ನೋಡಿದರೆ ಋಷಿಗಳದ್ದೇ ಅನ್ನಬೇಕು. ಹೆಂಡತಿಗೆ ಅದನ್ನು ತೋರಿಸಿ, ಆ ಸಂತೋಷಕ್ಕೆ ಸಂಜೆ ಜಿಲೇಬಿ.

ಆಮೇಲೆ ಮೂರು ತಿಂಗಳ ಸರಾಸರಿ ಸಕ್ಕರೆ ಹೇಳುವ ಪರೀಕ್ಷೆ ನಮ್ಮಲ್ಲೂ ಶುರುವಾಯಿತು. ಡಾಕ್ಟರು ಅದನ್ನೇ ಬರೆದುಕೊಟ್ಟರು. ರಿಪೋರ್ಟು ಒಯ್ಯಲು ಗಂಡ ಹೆಂಡತಿ ಇಬ್ಬರೂ ಬಂದರು. ಅಂಕೆ ನೋಡಿ ನನಗೇ ಪಾಪ ಅನಿಸಿತು.

"ಎರಡು ದಿನದ್ದಲ್ವಾ ಇದು?" ಕೇಳಿದರು ಆಕೆ.

"ಅಲ್ಲಮ್ಮ. ಹಿಂದಿನ ಮೂರು ತಿಂಗಳದ್ದು."

ಆಕೆ ಗಂಡನನ್ನು ಒಮ್ಮೆ ನೋಡಿ, ಮೆಲ್ಲಗೆ ಕೇಳಿದರು: "ಯಾವ ಅಂಗಡಿಯಲ್ಲಿ ತಿಂದದ್ದು ಅಂತಲೂ ಬರ್ತದಾ?"

ಬರುವುದಿಲ್ಲ ಅಂದೆ. ಆಕೆ ಡಾಕ್ಟರ ಬಳಿ ಹೋದ ಮೇಲೆ ರಾಯರು ಕೌಂಟರಿಗೆ ಬಗ್ಗಿದರು. "ಸಿಸ್ಟರ್, ಹಳೇ ಟೆಸ್ಟೇ ಒಳ್ಳೇದಿತ್ತು. ಅದಕ್ಕೆ ಪಾಪ, ಮರೆವಿನ ಕಾಯಿಲೆ ಇತ್ತು."

ಗೆರೆಗಳು

ಬಾರ್‌ಕೋಡ್ ಬಂದ ವರ್ಷ. ಅದಕ್ಕೆ ಮೊದಲು ಟ್ಯೂಬಿನ ಮೇಲೆ ಪೆನ್ನಿನಲ್ಲಿ ಹೆಸರು ಬರೆಯುತ್ತಿದ್ದೆವು. ಒಂದೇ ಹೆಸರಿನ ಇಬ್ಬರು ಬಂದ ದಿನ ನನಗೆ ಊಟ ಸೇರುತ್ತಿರಲಿಲ್ಲ. ಈಗ ಬರೀ ಗೆರೆಗಳ ಚೀಟಿ. ಅದನ್ನು ಅಂಟಿಸುವುದನ್ನು ನೋಡಿ ಕಲ್ಯಾಣದಿಂದ ಬಂದಿದ್ದ ಒಬ್ಬ ಅಜ್ಜಿ ಕೈ ಹಿಂದೆಳೆದುಕೊಂಡರು.

"ನನ್ನ ಹೆಸರು ಎಲ್ಲಿ? ಹೆಸರಿಲ್ಲದೆ ನನ್ನ ರಕ್ತ ಎಲ್ಲಿಗೂ ಹೋಗಬಾರದು."

"ಈ ಗೆರೆಯೊಳಗೇ ಉಂಟು ಅಜ್ಜಿ" ಅಂತ ಚೀಟಿಗೆ ಕೆಂಪು ದೀಪ ಹಿಡಿದೆ. ಸ್ಕ್ರೀನಿನ ಮೇಲೆ ಅವರ ಹೆಸರು, ಪಕ್ಕದಲ್ಲಿ ವಯಸ್ಸು ಎಪ್ಪತ್ತೆಂಟು ಅಂತ ಬಂತು. ಅಜ್ಜಿ ಕನ್ನಡಕ ಏರಿಸಿ ಓದಿದರು. ಸರದಿಯಲ್ಲಿ ಕೂತಿದ್ದವರನ್ನೊಮ್ಮೆ ನೋಡಿ, ನನ್ನ ಕಿವಿಯ ಹತ್ತಿರ ಬಂದು ಅಂದರು: "ಹೆಸರು ಇರಲಿ ಮಗಳೇ. ಕೊನೆಯ ನಾಲ್ಕು ಗೆರೆ ಅಳಿಸಿಬಿಡು."

ಸುರಂಗದಲ್ಲಿ

ನಾನು ಠಾಣೆಯ ದೊಡ್ಡ ಆಸ್ಪತ್ರೆಗೆ ಬಂದಾಗ ರಿಪೋರ್ಟುಗಳು ಸೀದಾ ಪೇಶಂಟಿನ ಮೊಬೈಲಿಗೇ ಹೋಗತೊಡಗಿದ್ದವು. ಬೇಗ ಸಿಗುತ್ತದೆ ಅನ್ನುವುದು ನಿಜ. ಆದರೆ ಓದಿ ಹೇಳುವವರು ಮೊಬೈಲಿನೊಳಗೆ ಇರುವುದಿಲ್ಲ.

ಡೊಂಬಿವಲಿಯಿಂದ ಬಂದು ಠಾಣೆಯಲ್ಲಿ ಒಂದು ಕ್ಯಾಂಟೀನು ನೋಡಿಕೊಳ್ಳುತ್ತಿದ್ದ ಕುಂದಾಪುರದ ಕಡೆಯವರೊಬ್ಬರಿದ್ದರು. ಅವರ ಹೆಂಡತಿಯ ಎದೆಯಲ್ಲಿ ಗಂಟು. ತುಂಡು ತೆಗೆದು ಪರೀಕ್ಷೆಗೆ ಕಳಿಸಿದ್ದರು. ದಿನವೂ ಕೆಲಸ ಮುಗಿಸಿ ನನ್ನ ಕೌಂಟರಿಗೆ ಬಂದು, "ಬಂತಾ ಅಕ್ಕಾ?" ಅಂತ ಕೇಳಿ ಹೋಗುವರು. ಅವರ ಮುಖ ನೋಡಲಾಗದೆ ನನ್ನ ನಂಬರೂ ಕೊಟ್ಟಿದ್ದೆ.

ಒಂದು ಸಂಜೆ ಅವರು ಕೇಳಿ ಹೋದ ಸ್ವಲ್ಪ ಹೊತ್ತಿಗೇ ಡಾಕ್ಟರು ರಿಪೋರ್ಟಿಗೆ ಸಹಿ ಮಾಡಿದರು. ಐದೇ ನಿಮಿಷಕ್ಕೆ ನನ್ನ ಫೋನು ಬಡಿದುಕೊಂಡಿತು. ಹಿಂದೆ ಲೋಕಲ್ ಟ್ರೇನಿನ ಗಲಾಟೆ, ಮುಂದೆ ಅವರ ಅಳು.

"ಅಕ್ಕಾ, ಮುಗೀತು ಅಕ್ಕಾ. ನೆಗೆಟಿವ್ ಬಂತು."

"ಅಯ್ಯೋ ಅಳಬೇಡಿ, ಕೇಳಿ ಇಲ್ಲಿ..."

"ಹತ್ತು ದಿನದಿಂದ ಎಲ್ಲರೂ ಪಾಸಿಟಿವ್ ಆಗಿ ಯೋಚನೆ ಮಾಡು, ಪಾಸಿಟಿವ್ ಆಗಿ ಯೋಚನೆ ಮಾಡು ಅಂದ್ರು. ಹಾಗೇ ಮಾಡಿದೆ ಅಕ್ಕಾ. ಆದ್ರೂ ನೆಗೆಟಿವ್ವೇ ಬಂತಲ್ಲ! ಮನೆಗೆ ಹೋಗಿ ಅವಳಿಗೆ ಏನಂತ ಹೇಳಲಿ?"

"ನೆಗೆಟಿವ್ ಅಂದರೆ..." ಅಂದೆ ನಾನು. ಅಷ್ಟರಲ್ಲಿ ಫಾಸ್ಟ್ ಲೋಕಲ್ ಪಾರ್ಸಿಕ್ ಸುರಂಗಕ್ಕೆ ನುಗ್ಗಿತು. ಲೈನು ಕಟ್.

ಆ ಸುರಂಗ ದಾಟಲು ಎರಡು ಮೂರು ನಿಮಿಷ ಸಾಕು. ನಾನು ಅಷ್ಟರಲ್ಲಿ ಹತ್ತು ಸಲ ನಂಬರು ಒತ್ತಿದೆ. ಕೊನೆಗೂ ರಿಂಗಾಯಿತು. ನಾನು ಹಲೋ ಕೂಡ ಅನ್ನದೆ ಕಿರುಚಿದೆ: "ಕ್ಯಾನ್ಸರ್ ಇಲ್ಲ! ನೆಗೆಟಿವ್ ಅಂದರೆ ಇಲ್ಲ ಅಂತ! ಒಳ್ಳೇ ಸುದ್ದಿ ಮಾರಾಯ್ರೆ, ಒಳ್ಳೇ ಸುದ್ದಿ!"

ಆ ಕಡೆ ಅವರು ಮತ್ತೆ ಅಳತೊಡಗಿದರು, ಈ ಸಲದ್ದು ಬೇರೆಯೇ ಅಳು. "ಇಲ್ವಂತೆ! ಕುಛ್ ನಹೀ ಹೈ!" ಅಂತ ಸುತ್ತಲಿನವರಿಗೆ ಹೇಳುವುದು ಕೇಳಿಸಿತು. ಇಡೀ ಬೋಗಿಯೇ ಹೋ ಅಂದಿತು. ಚಪ್ಪಾಳೆ, ಶಿಳ್ಳೆ. ಕೌಂಟರಿನಲ್ಲಿ ನಿಂತಿದ್ದ ನನ್ನ ಕಣ್ಣಲ್ಲೂ ನೀರು.

ಫೋನು ಇಡಬೇಕು ಅನ್ನುವಷ್ಟರಲ್ಲಿ ಬೇರೊಂದು ಗಂಡಸಿನ ದನಿ, ಮರಾಠಿಯಲ್ಲಿ: "ಮ್ಯಾಡಮ್, ಒಂದು ನಿಮಿಷ. ನೆಗೆಟಿವ್ ಅಂದರೆ ಇಲ್ಲ ಅಂತಾದರೆ, ಪಾಸಿಟಿವ್ ಅಂದರೆ ಇದೆ ಅಂತಲಾ?"

"ಹೌದು. ಯಾಕೆ?"

ಗಾಲಿಯ ಸದ್ದಿನ ನಡುವೆ ಆ ದನಿ ತಗ್ಗಿತು.

"ಹೋದ ತಿಂಗಳು ನನ್ನ ರಿಪೋರ್ಟಿನಲ್ಲಿ ಶುಗರ್ ಪಾಸಿಟಿವ್ ಅಂತಿತ್ತು ಮ್ಯಾಡಮ್. ಆ ಖುಷಿಗೆ ಇಡೀ ಆಫೀಸಿಗೆ ಪೇಢೆ ಹಂಚಿ, ಉಳಿದ ಅರ್ಧ ಡಬ್ಬ ನಾನೊಬ್ಬನೇ ತಿಂದೆ!"