ಊರು ಒಪ್ಪದ ನಿರುದ್ಯೋಗಿ

ಕೆಲಸ ಹುಡುಕೋದಕ್ಕಿಂತ, ಕೆಲಸ ಇಲ್ಲ ಅಂತ ನಂಬಿಸೋದು ಕಷ್ಟ ಅಂದರೆ ನೀವು ನಂಬಲ್ಲ. ನಂಬಬೇಡಿ. ದೇವನಹಳ್ಳಿ ಪಕ್ಕದ ವಿಜಯಪುರದ ಬಸ್ಸು ಹತ್ತಿ, ನಮ್ಮೂರ ಗೇಟಲ್ಲಿ ಇಳಿದು, ಟೀ ಅಂಗಡಿಯಲ್ಲಿ ನನ್ನ ವಿಷಯ ಎತ್ತಿ ನೋಡಿ. ಒಂದು ಟೀ ಮುಗಿಯೋದರೊಳಗೆ ಪೂರ್ತಿ ಕಥೆ ಹೇಳಿ ಕಳಿಸುತ್ತಾರೆ. ನಾನು ಅಷ್ಟು ಫೇಮಸ್ಸು. ಊರಲ್ಲಿ ಬೇರೆ ಹುಡುಗರೂ ಇದ್ದಾರೆ, ಅವರ ಪಾಡಿಗೆ ಅವರಿದ್ದಾರೆ. ಇಂಥವು ಆಗೋದು ಮಾತ್ರ ನನಗೇ. ಹುಲಿ ಇರೋ ಕಾಡಿಗೇ ತಾನೆ ಜನ ಬರೋದು.

ಫ್ಲೆಕ್ಸ್ ಫೋಟೊ

ಮೆಕ್ಯಾನಿಕಲ್ ಡಿಪ್ಲೊಮಾವನ್ನು ಒಂದೂ ಸಬ್ಜೆಕ್ಟ್ ಉಳಿಸಿಕೊಳ್ಳದೆ ಮುಗಿಸಿದವನು ನಮ್ಮೂರಲ್ಲಿ ನಾನೊಬ್ಬನೇ. ಕಂಪನಿಗಳಿಗೆ ಇದು ಗೊತ್ತಿರಲಿಲ್ಲ. ಅದಕ್ಕೇ ಕೆಲಸ ಸಿಕ್ಕಿರಲಿಲ್ಲ. ದೊಡ್ಡಬಳ್ಳಾಪುರದಲ್ಲಿ ಮಷೀನ್ ಟ್ರೇನಿಂಗ್‌ಗೆ ಸೇರಿಕೊಂಡೆ. ಫೀಸ್ ಇಲ್ಲ, ಆದರೆ ಬಸ್ ಚಾರ್ಜು, ಮಧ್ಯಾಹ್ನದ ಊಟ ನಮ್ಮದೇ. ಅವ್ವನಿಗೆ ಬಸ್ಸು ಫ್ರೀ, ಆಕೆಗೆ ಹೋಗೋಕೆ ಊರಿಲ್ಲ. ನನಗೆ ಹೋಗೋಕೆ ಊರಿದೆ, ಬಸ್ಸು ಫ್ರೀ ಇಲ್ಲ. ಡಿಪ್ಲೊಮಾ ಮಾಡಿ ಖಾಲಿ ಕೂತವರಿಗೆ ಸರ್ಕಾರ ನಿರುದ್ಯೋಗ ಭತ್ಯೆ ಕೊಡುತ್ತದೆ ಅಂತ ಅಪ್ಪನೇ ಕೇಳಿಕೊಂಡು ಬಂದು, ಜೊತೆಗೆ ಒಂದು ಷರತ್ತೂ ಹಾಕಿದರು.

"ಅದು ಬಂದ್ರೆ ಟ್ರೇನಿಂಗ್ ಮುಗ್ಸು. ಬರಲಿಲ್ವಾ, ಮಾವನ ದ್ರಾಕ್ಷಿ ತೋಟಕ್ಕೆ ಔಷಧಿ ಹೊಡಿಯಕ್ಕೆ ಹೋಗು. ಅವನಿಗೂ ಆಳು ಸಿಗ್ತಿಲ್ಲ."

ನಮ್ಮ ಮಾವನ ಕೈಕೆಳಗೆ ಕೆಲಸ ಮಾಡೋದು ಅಂದರೆ ಏನು ಅಂತ ಅವರ ಮೂರು ನಾಯಿಗಳನ್ನು ನೋಡಿದರೆ ಗೊತ್ತಾಗುತ್ತದೆ. ಬೊಗಳೋದಕ್ಕೂ ಹೆದರುತ್ತವೆ. ನಾನು ಅವತ್ತೇ ಕಂಪ್ಯೂಟರ್ ಅಂಗಡಿಗೆ ಓಡಿದೆ.

ಅಲ್ಲಿ ಅರ್ಜಿ ತುಂಬಿಸುವ ಹುಡುಗಿ, ಸದ್ಯ ಏನು ಮಾಡ್ತಿದೀರಾ ಅಂತ ಕೇಳಿದಳು. ಅಂಗಡಿ ತುಂಬ ಜನ. ಅಷ್ಟು ಜನರ ಮುಂದೆ ಏನೂ ಇಲ್ಲ ಅನ್ನೋಕೆ ಮನಸ್ಸು ಬರಲಿಲ್ಲ. "ಯುವ ಮುಖಂಡ ಅಂತ ಹಾಕ್ಕೊಳಿ" ಅಂದೆ.

"ಅಣ್ಣ, ಇದು ಅರ್ಜಿ. ಫ್ಲೆಕ್ಸ್ ಪಕ್ಕದ ಅಂಗಡೀಲಿ ಮಾಡ್ತಾರೆ."

ಫೋಟೊ ಕೊಡಿ ಅಂದಳು. ಮೊಬೈಲಿನಿಂದ ಕಳಿಸಿದೆ. ನನ್ನ ಹುಟ್ಟುಹಬ್ಬಕ್ಕೆ ಹುಡುಗರು ಗೇಟಲ್ಲಿ ಕಟ್ಟಿದ್ದ ಫ್ಲೆಕ್ಸಿನದೇ ಫೋಟೊ, ಕೂಲಿಂಗ್ ಗ್ಲಾಸು, ಭುಜದ ಮೇಲೆ ಶಾಲು, ಒಂದು ಕೈ ಮೇಲೆ. ಆಕೆ ಅದನ್ನು ದೊಡ್ಡದು ಮಾಡಿ ನೋಡಿದಳು, ಚಿಕ್ಕದು ಮಾಡಿ ನೋಡಿದಳು. ಆಮೇಲೆ ಮೆಲ್ಲಗೆ ಹೇಳಿದಳು:

"ಅಣ್ಣ, ಈ ಫೋಟೊ ಹಾಕಿದ್ರೆ ಸರ್ಕಾರ ಕೊಡಲ್ಲ. ನಿಮ್ಮತ್ರನೇ ಕೇಳುತ್ತೆ."

ಗೋಡೆಯಾಚೆಯ ಮಗ್ಗ

ಟ್ರೇನಿಂಗ್‌ನಲ್ಲಿ ನೀಲಿ ಶರ್ಟು, ಕೊರಳಿಗೆ ಟ್ಯಾಗು ಕೊಟ್ಟರು. ಟ್ಯಾಗ್ ಹಾಕಿಕೊಂಡ ಮೊದಲ ದಿನವೇ ಕಂಡಕ್ಟರು ಸೀಟು ತೋರಿಸಿದ. ಬಸ್ಸಿಳಿದು ಊರೊಳಗೆ ನಡೆದರೆ ಜಗಲಿಯ ಮೇಲೆ ಕೂತವರು ಮಾತು ನಿಲ್ಲಿಸಿ ನೋಡೋರು. ಏರ್‌ಪೋರ್ಟಾ ಮಗಾ ಅಂತ ಯಾರೋ ಕೇಳಿದರು. ಅಲ್ಲ, ಟ್ರೇನಿಂಗು ಅಂದೆ. ಏರ್‌ಪೋರ್ಟಲ್ಲಿ ಟ್ರೇನಿಂಗ್ ಅಂತೆ ಅಂತ ಮಾತು ನನಗಿಂತ ಮುಂಚೆ ಮನೆ ಸೇರಿತ್ತು. ದೇವನಹಳ್ಳಿ ಸುತ್ತ ಟ್ಯಾಗ್ ಹಾಕಿದವರೆಲ್ಲ ವಿಮಾನದವರೇ. ಅದಕ್ಕೆ ನಾನೇನು ಮಾಡಲಿ?

ನನಗೊಂದು ವಿದ್ಯೆ ಇದೆ. ಮಷೀನಿನ ಸದ್ದು ಕೇಳಿ ರೋಗ ಹೇಳುತ್ತೇನೆ. ಟ್ರ್ಯಾಕ್ಟರು, ಪಂಪು, ಮೇವು ಕತ್ತರಿಸೋ ಮಷೀನು, ಯಾವುದಾದರೂ ಸರಿ. ಟ್ರೇನಿಂಗ್ ಮೇಷ್ಟ್ರ ಮುಂದೆ ಇದನ್ನು ಹೇಳಿದೆ, ಸ್ವಲ್ಪ ಜೋರಾಗಿಯೇ ಹೇಳಿದೆ. ಅವರು ಒಂದು ಲೇತ್ ಮಷೀನಿನ ಮುಂದೆ ನಿಲ್ಲಿಸಿ, "ಹೇಳಪ್ಪ ಡಾಕ್ಟ್ರೇ" ಅಂದರು. ಕಣ್ಣು ಮುಚ್ಚಿ ಕಿವಿ ಕೊಟ್ಟೆ. ಕಟಕಟ ಸದ್ದಿನ ನಡುವೆ ಒಂದು ಕೊರಗು. ಬೇರಿಂಗ್ ಹೋಗಿದೆ ಸಾರ್ ಅಂದೆ.

"ಇದನ್ನಿನ್ನೂ ಆನ್ ಮಾಡೇ ಇಲ್ಲ ಕಣಯ್ಯ. ಅದು ಗೋಡೆಯಾಚೆ ಮಗ್ಗದ ಸದ್ದು."

ಕ್ಲಾಸಲ್ಲಿ ಎಲ್ಲರೂ ಹೊಟ್ಟೆ ಹಿಡಿದುಕೊಂಡರು. ನಗಲಿ ಅಂತ ಬಿಟ್ಟೆ. ಸಾಯಂಕಾಲ ಗೋಡೆಯಾಚೆಯ ಪವರ್‌ಲೂಮ್ ಯಜಮಾನರು ಕೈಯಲ್ಲಿ ಒಡೆದ ಬೇರಿಂಗ್ ಹಿಡಿದುಕೊಂಡು, ಇಂಥದ್ದು ನಿಮ್ಮತ್ರ ಇದೆಯಾ ಅಂತ ಕೇಳಿಕೊಂಡು ಬಂದರು. ಮೇಷ್ಟ್ರು ನನ್ನ ಮುಖ ನೋಡಿದರು. ನಾನು ಗೋಡೆ ನೋಡಿದೆ.

ಉಪ್ಪಿಟ್ಟು ತಿಂದು ಹೋದವರು

ಈಗ ಮುಖ್ಯವಾದದ್ದು. ಅರ್ಜಿ ಹಾಕಿದವರಿಗೆ ನಿಜವಾಗಿ ಕೆಲಸ ಇಲ್ಲವಾ ಅಂತ ಊರಲ್ಲಿ ಗುಟ್ಟಾಗಿ ವಿಚಾರಿಸಿಕೊಂಡು ಬರೋಕೆ ಭತ್ಯೆ ಕೊಡೋ ಆಫೀಸಿನಿಂದ ಒಬ್ಬರನ್ನು ಕಳಿಸಿದ್ದರು. ಹೊಸಬರು. ನಾನು ಟ್ರೇನಿಂಗ್‌ಗೆ ಹೋಗಿದ್ದೆ. ಗುಟ್ಟಾಗಿ ಅಂದಿದ್ದಾರಲ್ಲ ಅಂತ ಆ ಪುಣ್ಯಾತ್ಮ ತಾನು ಯಾರು ಅಂತ ಬಾಯಿ ಬಿಡಲಿಲ್ಲ. ಟೀ ಅಂಗಡಿಯಲ್ಲಿ ಬೈಕ್ ನಿಲ್ಲಿಸಿ, ಇಂಥವರ ಮಗ ಏನು ಕೆಲಸ ಮಾಡ್ತಾನೆ, ಸಂಬಳ ಎಷ್ಟು ಬರಬಹುದು, ಮನೆ ಕಡೆ ಹೇಗೆ ಅಂತ ಕೇಳಿದರು.

ನೀವೇ ಹೇಳಿ. ಗೊತ್ತಿಲ್ಲದ ಒಬ್ಬರು ಊರಿಗೆ ಬಂದು, ವಯಸ್ಸಿಗೆ ಬಂದ ಹುಡುಗನ ಕೆಲಸ, ಸಂಬಳ, ಮನೆತನ ಕೇಳಿದರೆ ನಮ್ಮ ಕಡೆ ಅದಕ್ಕೆ ಏನರ್ಥ? ಹೆಣ್ಣಿನ ಕಡೆಯವರು ಗಂಡು ವಿಚಾರಿಸೋಕೆ ಬಂದಿದ್ದಾರೆ ಅಂತ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತ ಹಿರಿಯರು ಹೇಳಿದ್ದಾರೆ. ನಮ್ಮೂರವರು ಹಿರಿಯರ ಮಾತು ಮೀರಿದವರಲ್ಲ.

ಟೀ ಅಂಗಡಿಯಣ್ಣ, ಏರ್‌ಪೋರ್ಟಲ್ಲಿ ಪರ್ಮನೆಂಟು ಅಂದನಂತೆ. ಹಾಲಿನ ಡೈರಿ ಸೆಕ್ರೆಟರಿ, ವಿಮಾನ ಮೇಲೇಳೋ ಮುಂಚೆ ಈ ಹುಡುಗ ಕಿವಿಗೊಟ್ಟು ಕೇಳಿ ಹೂಂ ಅನ್ನಬೇಕು, ಇಲ್ಲದಿದ್ದರೆ ಪೈಲಟ್ಟು ಹತ್ತೋದೇ ಇಲ್ಲ ಅಂದರಂತೆ. ಎದುರುಮನೆ ಅಜ್ಜಿ, ಸಂಬಳ ತಂದು ಅವ್ವನ ಮಡಿಲಿಗೆ ಹಾಕಿ ಕಾಲಿಗೆ ಬೀಳ್ತಾನೆ ಅಂತ ಕಣ್ಣೊರೆಸಿಕೊಂಡಳಂತೆ.

ಇವರೆಲ್ಲ ಬಿಡಿ, ನಮ್ಮವರು. ನಮ್ಮ ಹೊಲದ ಪಕ್ಕದವರು ಒಬ್ಬರಿದ್ದಾರೆ. ಬದುವಿನ ಜಗಳ. ನಮ್ಮಪ್ಪನಿಗೂ ಅವರಿಗೂ ಮಾತಿಲ್ಲ, ಎದುರಾದರೆ ಇಬ್ಬರೂ ಆಕಾಶ ನೋಡುತ್ತಾರೆ. ಅವರನ್ನೂ ಈ ಮನುಷ್ಯ ಕೇಳಿದ್ದಾನೆ. ಅವರು ಹಾರೆ ಕೆಳಗಿಟ್ಟು, "ಆ ಮನೆಗೆ ಹೆಣ್ಣು ಕೊಟ್ರೆ ಕಣ್ಣಲ್ಲಿ ನೀರು ಬರಲ್ಲ ಸ್ವಾಮಿ" ಅಂದಿದ್ದಾರೆ. ಜಗಳ ಜಗಳ, ಮದುವೆ ಮದುವೆ.

ಅಷ್ಟರಲ್ಲಿ ಯಾರೋ ನಮ್ಮನೆಗೆ ಓಡಿಹೋಗಿ ಹೇಳಿದ್ದಾರೆ. ಅವ್ವ ಹೊಸ ಸೀರೆ ಉಟ್ಟು, ಉಪ್ಪಿಟ್ಟು, ಕೇಸರಿಬಾತು ಮಾಡಿ, ಕೈ ಹಿಡಿದು ಎಳೆಯೋದೊಂದು ಬಾಕಿ, ಅವರನ್ನು ಒಳಗೆ ಕೂರಿಸಿದ್ದಾಳೆ. ಹುಡುಗ ಕೆಲಸದಿಂದ ಬರೋದು ಸಾಯಂಕಾಲ ಆಗುತ್ತೆ ಅಂತ ಬೇರೆ ಹೇಳಿದ್ದಾಳೆ.

ವಾರ ಕಳೆದು ನನ್ನ ಮೊಬೈಲಿಗೆ ಮೆಸೇಜು ಬಂತು. ಅರ್ಜಿ ತಿರಸ್ಕರಿಸಲಾಗಿದೆ, ಕಾರಣ: ಅರ್ಜಿದಾರರು ಉದ್ಯೋಗದಲ್ಲಿದ್ದಾರೆ. ಅದೇ ಹೊತ್ತಿಗೆ ಅವ್ವ ಬಾಗಿಲಲ್ಲಿ ನಿಂತು ಕೇಳಿದಳು:

"ಹೆಣ್ಣಿನ ಕಡೆಯವರು ಏನಾದ್ರೂ ಹೇಳಿ ಕಳಿಸಿದ್ರೇನಪ್ಪಾ?"

ಆಫೀಸಿನಲ್ಲಿ

ಆಫೀಸಿಗೆ ಹೋಗಿ ಎದೆ ಎತ್ತಿ, ನನಗೆ ಕೆಲಸ ಇಲ್ಲ ಸಾರ್ ಅಂದೆ. ಅದೇ ಉಪ್ಪಿಟ್ಟು ತಿಂದವರು. ಒಳ್ಳೆಯ ಮನುಷ್ಯ, ಕೂರಿಸಿ ಮಾತಾಡಿದರು. ಊರಲ್ಲಿ ಹೇಳಿದ್ದನ್ನೆಲ್ಲ ಒಂದೊಂದಾಗಿ ಓದಿದರು. ಕೇಳ್ತಾ ಕೇಳ್ತಾ ನನಗೇ ನನ್ನ ಮೇಲೆ ಗೌರವ ಹೆಚ್ಚಾಯಿತು. ಆಮೇಲೆ ಹೆಣ್ಣು, ಗಂಡು, ಸಾವಿರ ಸುಳ್ಳು ಎಲ್ಲ ಬಿಡಿಸಿ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು.

"ಅಲ್ಲಯ್ಯ, ನಾನು ನಿನ್ನ ಅರ್ಜಿಗೆ ಇಲ್ಲ ಅಂತ ಬರೆದು, ಮನೆಗೆ ಹೋಗಿ ನಮ್ಮ ತಂಗಿಗೆ ಒಬ್ಬ ಹುಡುಗ ಇದಾನೆ ಅಂದಿದ್ದೆ."

ಮರುವಿಚಾರಣೆಗೆ ಬರೆದುಕೊಡು, ಈ ವಾರದೊಳಗೆ ನಾನೋ ಬೇರೆ ಯಾರೋ ಬರ್ತೀವಿ, ಊರವರಿಗೆ ಸತ್ಯ ಹೇಳೋಕೆ ಹೇಳು ಅಂದರು. ಹೊರಡುವಾಗ ಜಾತಕ ಇದೆಯಾ ಅಂತ ಕೇಳಬೇಕು ಅನಿಸಿತು ಅವರಿಗೆ, ಮುಖದಲ್ಲೇ ಗೊತ್ತಾಯಿತು. ಕೇಳಲಿಲ್ಲ.

ಸತ್ಯ ಹೇಳುವ ತಾಲೀಮು

ಮನೆಯಲ್ಲಿ ಅಪ್ಪ ಆಗಲೇ ಮಾವನಿಗೆ ಫೋನ್ ಮಾಡಿದ್ದರು. ಔಷಧಿ ಹೊಡೆಯೋ ಪಂಪು ರಿಪೇರಿ ಮಾಡಿಸಿ ಇಟ್ಟಿದ್ದೀನಿ, ಸೋಮವಾರದಿಂದ ಬರಲಿ ಅಂತ ಮಾವ ಅಂದಿದ್ದರು. ಇರೋದು ನಾಲ್ಕೇ ದಿನ.

ಅರಳಿಕಟ್ಟೆಯ ಮೇಲೆ ಊರವರನ್ನು ಸೇರಿಸಿದೆ. ಯಾರಾದರೂ ಬಂದು ಕೇಳಿದರೆ, ಈ ಹುಡುಗನಿಗೆ ಕೆಲಸವಿಲ್ಲ ಅನ್ನಬೇಕು, ಅಷ್ಟೇ ಅಂದೆ. ಡೈರಿ ಸೆಕ್ರೆಟರಿ, ಸ್ವಲ್ಪ ದಿನದ ಮಟ್ಟಿಗೆ ಇಲ್ಲ ಅನ್ನಲಾ ಅಂತ ಕೇಳಿದರು. ಬೇಡ, ಪೂರ್ತಿ ಇಲ್ಲ ಅನ್ನಿ ಅಂದೆ. ಅಜ್ಜಿ ಸುತರಾಂ ಒಪ್ಪಲಿಲ್ಲ. "ಆಡಿಸಿ ಬೆಳೆಸಿದ ಕೂಸನ್ನ ದಂಡಪಿಂಡ ಅನ್ನಕ್ಕೆ ನಾಲಿಗೆ ಹೊರಳಲ್ಲ ಕಣಪ್ಪ" ಅಂದಳು. ಅವಳನ್ನು ಒಪ್ಪಿಸೋಕೆ ಅರ್ಧ ಗಂಟೆ ಹಿಡಿಯಿತು.

ಪಕ್ಕದ ಹೊಲದವರು ದೂರದಲ್ಲಿ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದರು. ನಮ್ಮಪ್ಪನ ಕಡೆ ನೋಡದೆ, ಆಕಾಶಕ್ಕೆ ಹೇಳಿದರು:

"ನನಗೆ ತಾಲೀಮು ಬೇಕಾಗಿಲ್ಲ. ಇಷ್ಟು ವರ್ಷ ನಾನು ಹೇಳ್ತಾ ಇದ್ದಿದ್ದು ಅದನ್ನೇ."

ಬಿಳಿ ಶರ್ಟು

ಶುಕ್ರವಾರ ಬೆಳಿಗ್ಗೆ ಬಿಳಿ ಶರ್ಟು, ಬಿಳಿ ಪಂಚೆಯ ಒಬ್ಬ ಹಿರಿಯರು ಕಾರಲ್ಲಿ ಬಂದು ಟೀ ಅಂಗಡಿಯ ಮುಂದೆ ಇಳಿದರು. ನನ್ನ ಹೆಸರು ಹೇಳಿ, ಹುಡುಗ ಏನು ಕೆಲಸ ಮಾಡ್ತಾನೆ ಅಂತ ಕೇಳಿದರು. ಟೀ ಅಂಗಡಿಯಣ್ಣ ಬಟ್ಟೆಯಲ್ಲಿ ಕೈ ಒರೆಸಿಕೊಂಡು ಮುಂದೆ ಬಂದ.

"ಕೆಲಸಾನಾ? ಅವನಿಗಾ? ಈ ತಾಲೂಕಲ್ಲಿ ಅವನಷ್ಟು ಖಾಲಿ ಇರೋರು ಇನ್ನೊಬ್ರಿಲ್ಲ ಸಾರ್. ಬರ್ಕೊಳಿ."

ತಾಲೀಮು ಚೆನ್ನಾಗಿ ಆಗಿತ್ತು. ಸೆಕ್ರೆಟರಿ, ಮುಂದೆಯೂ ಸಿಗೋ ಲಕ್ಷಣ ಇಲ್ಲ ಅಂತ ತಮ್ಮ ಕಡೆಯಿಂದ ಸೇರಿಸಿದರಂತೆ. ಅಜ್ಜಿ, ಅವ್ವನ ಕೈಯಿಂದ ಕಾಸು ಕಿತ್ಕೊಂಡು ಹೋಗ್ತಾನೆ ಅಂತ ಅಳೋಕೇ ಶುರು ಮಾಡಿದಳಂತೆ. ಪಕ್ಕದ ಹೊಲದವರಂತೂ ಕರೆಯದೆಯೇ ಬಂದು ನಿಂತರು. "ಬೇಕಾದ್ರೆ ಸಾಕ್ಷಿ ಕೊಡ್ತೀನಿ ಕೇಳಿ. ನನ್ನ ಮೇವು ಮಷೀನು ಕೆಟ್ಟಿತ್ತು. ಈ ಹುಡುಗ ಬದುವಿನ ಮೇಲೆ ಹೋಗ್ತಾ ಸದ್ದು ಕೇಳ್ಬಿಟ್ಟು ಬೇರಿಂಗ್ ಹೋಗಿದೆ ಅಂದ. ತಾನೇ ಬಂದು, ಬಿಚ್ಚಿ, ಹೊಸದು ಹಾಕಿ, ಒಂದು ಲೋಟ ಮಜ್ಜಿಗೆನೂ ಮುಟ್ಟದೆ ಹೋದ. ಮಾತಿಲ್ಲದ ಮನೆಗೆ ಬಂದು ಪುಕ್ಕಟೆ ರಿಪೇರಿ ಮಾಡ್ತಾನೆ ಅಂದ್ರೆ, ಅವನಿಗೆ ಕೆಲಸ ಇದೆ ಅಂತೀರಾ?"

ಬಿಳಿ ಶರ್ಟಿನವರು ನೆಟ್ಟಗೆ ಹೋಗಿ ಕಾರು ಹತ್ತಿದರು. ಹತ್ತುವಾಗ ಡ್ರೈವರು ಟೀ ಅಂಗಡಿಯಣ್ಣನ ಕಿವಿಯಲ್ಲಿ ಹೇಳಿದ: ವಿಜಯಪುರದಲ್ಲಿ ರೇಷ್ಮೆ ನೂಲು ಹುರಿ ಮಾಡೋ ಮಷೀನುಗಳ ಯಜಮಾನರು, ಮಗಳಿಗೆ ಗಂಡು ನೋಡ್ತಾ ಇದಾರೆ.

ಮಧ್ಯಾಹ್ನ ಅದೇ ಆಫೀಸಿನವರು ಬಂದಾಗ ಊರು ಸಾವಿನ ಮನೆಯ ಹಾಗಿತ್ತು. ಅವತ್ತು ನಾನು ರಜ ಹಾಕಿ ಮನೆಯಲ್ಲಿದ್ದೆ. ಟೀ ಅಂಗಡಿಯಣ್ಣ ತಲೆ ಎತ್ತಲಿಲ್ಲ. ಅವ್ವ ಜಗಲಿಯ ಮೇಲೆ ಕೂತು ಬಿಕ್ಕುತ್ತಿದ್ದಳು. ಏನಾಯ್ತು ತಾಯಿ ಅಂದರು ಆಫೀಸಿನವರು.

"ತಾನಾಗೇ ಬಂದ ಹೆಣ್ಣು ಸ್ವಾಮಿ. ಹುಡುಗನಿಗೆ ಕೆಲಸ ಇಲ್ಲ ಅಂತ ಗೊತ್ತಾಗಿ ಎದ್ದು ಹೋದ್ರು."

ಅವರು ಬ್ಯಾಗಿನಿಂದ ನನ್ನ ಕಾಗದ ತೆಗೆದರು. ಯಾರನ್ನೂ ಏನೂ ಕೇಳಲಿಲ್ಲ. ಬೈಕಿನ ಸೀಟಿನ ಮೇಲೇ ಕಾಗದ ಇಟ್ಟುಕೊಂಡು, ನಿರುದ್ಯೋಗ ದೃಢಪಟ್ಟಿದೆ ಅಂತ ಬರೆದು ಸಹಿ ಹಾಕಿದರು. ಹೆಣ್ಣು ತಪ್ಪಿ ಹೋಗಿದೆ, ಇದಕ್ಕಿಂತ ದೊಡ್ಡ ದಾಖಲೆ ಯಾವ ಆಫೀಸಲ್ಲೂ ಇಲ್ಲ ಕಣಪ್ಪ ಅಂತ ನನ್ನ ಭುಜ ತಟ್ಟಿದರು. ತಂಗಿಯ ವಿಷಯ ಎತ್ತಲಿಲ್ಲ.

ಅಪ್ಪ ಮಾವನಿಗೆ ಫೋನ್ ಮಾಡಿ ಸೋಮವಾರ ಬರಲ್ಲ ಅಂದರು. ಟ್ರೇನಿಂಗ್ ಮುಗಿಯೋ ಹೊತ್ತಿಗೆ ಅದೇ ಕಾರು ಮತ್ತೆ ನಮ್ಮನೆ ಮುಂದೆ ನಿಂತಿತು. ಅವ್ವ ಓಡಿಹೋಗಿ ಒಲೆಯ ಮೇಲೆ ಬಾಣಲೆ ಇಟ್ಟಳು. ಬಿಳಿ ಶರ್ಟಿನವರು ಒಳಗೆ ಬಂದು ಕೂತು, ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಹುಡುಗಿ ವಿಷಯ ಅಲ್ಲ. ನಮ್ಮ ಮಷೀನುಗಳು ಸರಿಯಾಗಿ ಓಡ್ತಿಲ್ಲ. ಸದ್ದು ಕೇಳಿ ಹೇಳೋನು ನೀನೇನಾ?"

ನಾನೇ ಅಂದೆ. ಬೇರೆ ಯಾರಿದ್ದಾರೆ?

ಅವರ ಮಗಳ ಮದುವೆ ಈಚೆಗೆ ಆಯಿತು. ಹುಡುಗ ಹೊಸಕೋಟೆ ಕಡೆಯವನು, ಏರ್‌ಪೋರ್ಟಲ್ಲಿ ಪರ್ಮನೆಂಟಂತೆ. ಅವನ ಊರವರೇ ಹೇಳಿದರಂತೆ.

ನನಗೆ ಸಿಕ್ಕಿದ್ದು ಇಷ್ಟು: ಟ್ರೇನಿಂಗ್ ಮುಗಿಯುವವರೆಗೆ ಭತ್ಯೆ, ಒಂದು ಸರ್ಟಿಫಿಕೇಟು, ವಿಜಯಪುರದಲ್ಲಿ ಕೆಲಸ, ಮತ್ತು ಯಜಮಾನರ ಮಗಳ ಮದುವೆಯ ದಿನ ಅರ್ಧ ದಿನ ರಜ.