ಸ್ಟೋರ್ ರೂಮಿನಿಂದ ಇಂಗ್ಲಿಷ್ ಪಾಠ

ಗಾಜಿನ ಬಾಗಿಲು, ಪ್ಲಾಸ್ಟಿಕ್ ಹೂಕುಂಡ ಮತ್ತು ಅಸಲಿ ಇಂಗ್ಲಿಷಿಗೆ ಹೆಸರಾದ ಭಾಷಾ ಕಲಿಕಾ ಕೇಂದ್ರದ ಘನತೆವೆತ್ತ ನಿರ್ದೇಶಕರ ದಿವ್ಯ ಸನ್ನಿಧಾನಕ್ಕೆ,

ಮಾನ್ಯರೇ,

ತಾವೂ ತಮ್ಮ ಸ್ವಾಗತ ಕೊಠಡಿಯ ಎಸಿಯೂ ಎಂದಿನಂತೆ ತಣ್ಣಗಿದ್ದೀರೆಂದು ನಂಬಿ, ತಮ್ಮ ಮಾಜಿ ಸೇವಕಿಯಾದ ನಾನು ಅನೇಕಾನೇಕ ನಮಸ್ಕಾರಗಳೊಂದಿಗೆ ಈ ಅಹವಾಲನ್ನು ಬಹಿರಂಗವಾಗಿ ಸಲ್ಲಿಸುತ್ತಿದ್ದೇನೆ. ಕನ್ನಡದಲ್ಲಿ ಬರೆಯುತ್ತಿರುವುದಕ್ಕೆ ಮೊದಲೇ ಕ್ಷಮೆ ಕೋರುತ್ತೇನೆ. ನನ್ನ ಇಂಗ್ಲಿಷು ಅಸಲಿಯಲ್ಲವೆಂದು ತಾವೇ ತೀರ್ಪು ಕೊಟ್ಟ ಮೇಲೆ ಆ ನಕಲಿ ಮಾಲನ್ನು ಮತ್ತೆ ತಮ್ಮ ಮೇಜಿನ ಮೇಲೆ ತಂದಿಡುವುದು ಸಭ್ಯತೆಯಲ್ಲ. ಇದನ್ನು ತಮಗೆ ಓದಿ ಹೇಳಲು ಯಾರಾದರೂ ಹುಟ್ಟಾ ಕನ್ನಡಿಗರನ್ನೇ ನೇಮಿಸಿಕೊಳ್ಳುವಿರೆಂದು ಭಾವಿಸುತ್ತೇನೆ. ಕಲಿತು ಬಂದವರನ್ನು ನಂಬುವುದು ತಮ್ಮ ಪದ್ಧತಿಯಲ್ಲವಷ್ಟೆ.

ನಮ್ಮೂರಲ್ಲಿ ನಾನು ಇಂಗ್ಲಿಷ್ ಪಾಠ ಹೇಳುತ್ತಿದ್ದ ಹೈಸ್ಕೂಲು ಮುಚ್ಚಿದಾಗ, ಮನೆಯಲ್ಲಿ ಕೈಕಟ್ಟಿ ಕೂತಿದ್ದವಳ ಮುಂದೆ ತಮ್ಮ ಜಾಹೀರಾತು ಹಿಡಿದವಳು ನಮ್ಮಕ್ಕ. ಬ್ಯೂಟಿ ಪಾರ್ಲರ್ ನಡೆಸುವ ಅವಳಿಗೆ ಜಗತ್ತಿನ ಯಾವ ಸಮಸ್ಯೆಯೂ ಒಂದು ಫೇಶಿಯಲ್ಲಿಗಿಂತ ದೊಡ್ಡದಲ್ಲ. “ಹೋಗೇ, ಇಲ್ಲಿ ಗೋಡೆಗೆ ಪಾಠ ಹೇಳೋ ಬದ್ಲು ಅಲ್ಲಿ ಮನುಷ್ಯರಿಗೆ ಹೇಳು” ಎಂದು ಅವಳೇ ಅರ್ಜಿ ಕಳುಹಿಸಿದಳು. ವಿಡಿಯೋ ಸಂದರ್ಶನದ ದಿನ ನನ್ನ ಕ್ಯಾಮೆರಾ ಕೈಕೊಟ್ಟಿತ್ತೆಂಬುದನ್ನು ಇಲ್ಲಿ ಕೃತಜ್ಞತೆಯಿಂದ ಸ್ಮರಿಸುತ್ತೇನೆ. ತಾವು ಬರೀ ನನ್ನ ದನಿ ಕೇಳಿ, ಎಷ್ಟು ಸ್ಪಷ್ಟ, ಎಷ್ಟು ಶುದ್ಧ ಎಂದು ಉಬ್ಬಿ, ಆಗಲೇ ಕೆಲಸ ಕೊಟ್ಟಿರಿ. ನನ್ನ ಊರು, ಶಾಲೆ, ಡಿಗ್ರಿ ಎಲ್ಲವನ್ನೂ ನಾನು ಅರ್ಜಿಯಲ್ಲಿ ಬರೆದೇ ಇದ್ದೆ. ಆದರೆ ಓದುವಂಥ ಕ್ಷುಲ್ಲಕ ಕೆಲಸವನ್ನು ಭಾಷಾ ಕೇಂದ್ರದ ನಿರ್ದೇಶಕರಿಂದ ನಿರೀಕ್ಷಿಸುವುದು ತಪ್ಪು.

ತಮ್ಮ ದೇಶದ ವಿಮಾನ ನಿಲ್ದಾಣದಲ್ಲಿ ತಾವು ನನ್ನ ಹೆಸರಿನ ಬೋರ್ಡು ಹಿಡಿದು ನಿಂತಿದ್ದ ಚಿತ್ರ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ನಾನು ಎದುರಿಗೆ ಬಂದು ನಕ್ಕೆ. ತಾವೂ ನಕ್ಕು, ನನ್ನ ಭುಜದ ಮೇಲಿನಿಂದ ಹಿಂದಕ್ಕೆ ಇಣುಕಿ, ಬರಬೇಕಾದ ಬಿಳಿ ಹೆಂಗಸಿಗಾಗಿ ಬಹಳ ಹೊತ್ತು ಕಾದಿರಿ. ನಾನೂ ಮರ್ಯಾದೆಗೆ ಒಮ್ಮೆ ತಿರುಗಿ ನೋಡಿದೆ, ಯಾರೂ ಬರಲಿಲ್ಲ. ಕೊನೆಗೆ ಬೋರ್ಡನ್ನು ಮಡಿಸಿ ಕಂಕುಳಲ್ಲಿ ಇಟ್ಟುಕೊಂಡು, ಶವದ ಹಿಂದೆ ನಡೆಯುವವರಂತೆ ಕಾರಿನತ್ತ ನಡೆದಿರಿ. ತಮಗೆ ನನ್ನಿಂದಾದ ಆ ಮೊದಲ ನಷ್ಟಕ್ಕೆ ವಿಷಾದವಿದೆ.

ಆದರೆ ತಮ್ಮಂಥ ಬುದ್ಧಿವಂತರು ಅಷ್ಟಕ್ಕೆಲ್ಲ ಸೋಲುವವರೇ? ಮರುದಿನವೇ ನನ್ನನ್ನು ‘ಪಠ್ಯ ಸಂಯೋಜಕಿ’ ಎಂಬ ಉನ್ನತ ಹುದ್ದೆಗೇರಿಸಿ, ನೆಲ ಒರೆಸುವ ಕೋಲು, ಫಿನಾಯಿಲ್ ಡಬ್ಬ ಮತ್ತು ಕಾಲು ಮುರಿದ ಕುರ್ಚಿಗಳ ಸಹವಾಸದಲ್ಲಿ, ಸ್ಟೋರ್ ರೂಮಿನಲ್ಲಿ ಪ್ರತಿಷ್ಠಾಪಿಸಿದಿರಿ. ತರಗತಿಗೆ ಹೊಂಬಣ್ಣದ ಗಡ್ಡದ ಒಬ್ಬ ಆಜಾನುಬಾಹುವನ್ನು ತಂದಿರಿ. ಆತ ಇಂಗ್ಲಿಷಿನ ನಾಡಿನಲ್ಲೇ ಹುಟ್ಟಿದವನು, ಅದರಲ್ಲಿ ಸಂದೇಹವಿಲ್ಲ. ವೃತ್ತಿಯಿಂದ ಬಚ್ಚಲುಮನೆಗಳಿಗೆ ಟೈಲ್ಸ್ ಕೂರಿಸುವವನು. ಸುತ್ತಾಡಲು ಬಂದು, ಊರು ಹಿಡಿಸಿ, ಇಲ್ಲೇ ಉಳಿದುಬಿಟ್ಟಿದ್ದ. ಅವನ ಕಿವಿಗೊಂದು ಯಂತ್ರ, ನನ್ನ ಬಾಯಿಗೊಂದು ಮೈಕು. ನಾನು ಒಳಗೆ ಉಸುರಿದ್ದನ್ನು ಅವನು ಹೊರಗೆ ಉಚ್ಚರಿಸುತ್ತಿದ್ದ. ದೇವರ ವಾಕ್ಯಗಳು ಕೂಡ ಭೂಮಿಗೆ ಇಷ್ಟು ಅಚ್ಚುಕಟ್ಟಾಗಿ ಇಳಿದಿರಲಾರವು.

ಗಡ್ಡದವನು ಕೆಟ್ಟವನಲ್ಲ, ಮಾನ್ಯರೇ. ಮೊದಲ ದಿನವೇ ಸ್ಟೋರ್ ರೂಮಿನ ಬಾಗಿಲು ತಟ್ಟಿ, “ಮೇಡಂ, ನಂಗೆ ನಾಚಿಕೆ ಆಗ್ತಿದೆ. ವ್ಯಾಕರಣ ಅಂದ್ರೆ ನಂಗೆ ಜ್ವರ ಬರುತ್ತೆ” ಎಂದಿದ್ದ. “ಟೈಲ್ಸಿನ ಅಂಟು ಎಷ್ಟು ಹೊತ್ತಿಗೆ ಒಣಗುತ್ತೆ ಅಂತ ಕೇಳಿ, ಹೇಳ್ತೀನಿ.” ಇಬ್ಬರೂ ನಕ್ಕೆವು. ಹೊಟ್ಟೆಪಾಡು ಇಬ್ಬರದೂ ಒಂದೇ.

ಒಂದು ಮಧ್ಯಾಹ್ನ ಪಾಠದ ನಡುವೆ ಅಕ್ಕನ ಫೋನು ಬಂತು. ಮೈಕು ಆರಿಸುವುದನ್ನು ಮರೆತು ನಾನು, “ಒಲೆ ಆರ್ಸಿದ್ಯಾ ಅಕ್ಕಾ? ಹಾಲು ಉಕ್ಕುತ್ತೆ ನೋಡು!” ಎಂದುಬಿಟ್ಟೆ. ಕಿಟಕಿಯಾಚೆಗೆ ಮನಸ್ಸಿಟ್ಟು ನಿಂತಿದ್ದ ಗಡ್ಡದವನ ಬಾಯಿಂದಲೂ ಅಭ್ಯಾಸಬಲದಿಂದ ಅದೇ ಬಂತು. ತರಗತಿಯ ಮಕ್ಕಳೆಲ್ಲ ಒಕ್ಕೊರಲಿನಿಂದ “ಒಲೆ ಆರ್ಸಿದ್ಯಾ ಅಕ್ಕಾ” ಎಂದರು. ಆ ಹೊತ್ತಿಗೇ ಬಾಗಿಲಲ್ಲಿ ನಿಂತಿದ್ದ ತಾವು ಇದು ಯಾವುದೋ ಮೇಲ್ದರ್ಜೆಯ ನುಡಿಗಟ್ಟೆಂದು ತಲೆದೂಗಿ, ಮುಂದಿನ ಪೋಷಕರ ಸಭೆಯಲ್ಲಿ ಅತಿಥಿಗಳಿಗೆ ಮಕ್ಕಳಿಂದ ಅದನ್ನೇ ಸ್ವಾಗತವಾಗಿ ಹೇಳಿಸಿದಿರಿ. ಮುಂದಿನ ಸಾಲಿನ ತಾಯಂದಿರು ಕಣ್ಣೊರೆಸಿಕೊಂಡರಂತೆ. ಮೂಲ ಉಚ್ಚಾರಣೆ ಅಂದರೆ ಇದೇ ಎಂದು ತಾವು ಹೇಳಿದಿರಂತೆ. ತಾವಂದದ್ದು ಸತ್ಯ. ಅದಕ್ಕಿಂತ ಮೂಲದ ಉಚ್ಚಾರಣೆ ನನ್ನಲ್ಲಿಲ್ಲ.

ಇಷ್ಟರವರೆಗೆ ನಗುತ್ತಲೇ ಬರೆದೆ. ಮುಂದಿನದಕ್ಕೂ ನಗಲು ಪ್ರಯತ್ನಿಸುತ್ತೇನೆ.

ಸಂಜೆ ತರಗತಿಗೆ ಒಬ್ಬ ನರ್ಸಮ್ಮ ಬರುತ್ತಿದ್ದರು. ವಿದೇಶದ ಆಸ್ಪತ್ರೆಯಲ್ಲಿ ಕೆಲಸ ಸಿಗಬೇಕಾದರೆ ಇಂಗ್ಲಿಷಿನಲ್ಲಿ ಮಾತಾಡುವ ಪರೀಕ್ಷೆ ಪಾಸಾಗಬೇಕಿತ್ತು. ಎರಡು ಸಲ ಫೇಲಾಗಿ, ಇನ್ನೊಂದೇ ಅವಕಾಶ ಉಳಿದಿತ್ತು. ಒಂದು ಸಂಜೆಯ ಅಭ್ಯಾಸ, ಆಪರೇಷನ್ ಮುಂದಕ್ಕೆ ಹೋಗಿದೆ ಎಂದು ಮುದುಕ ರೋಗಿಯೊಬ್ಬರಿಗೆ ಸಮಾಧಾನವಾಗಿ ತಿಳಿಸುವುದು. ಗೋಡೆಯ ಈಚೆ ನನಗೆ ಅವರ ಮಾತೇ ಕೇಳಿಸಲಿಲ್ಲ. ಬರೀ ಕುರ್ಚಿ ಎಳೆದ ಸದ್ದು, ಆಮೇಲೆ ಮೂಗೊರೆಸುವ ಸದ್ದು. ನಾನು ಹೇಳಿಕೊಟ್ಟ ಸಾಲುಗಳನ್ನು ಗಡ್ಡದವನು ಪಾಪ ಒಂದಾದ ಮೇಲೊಂದು ಉದುರಿಸುತ್ತಿದ್ದ. ಅಳುವವರ ಮುಂದೆ ರೈಲ್ವೆ ಪ್ರಕಟಣೆ ಹಾಕಿದಂತೆ ಇತ್ತು. ಮುಖ ನೋಡದೆ ಸಮಾಧಾನ ಮಾಡುವುದು ಹೇಗೆಂಬ ಪಾಠವನ್ನು ನಾನು ಯಾವ ಕಾಲೇಜಿನಲ್ಲೂ ಕಲಿತಿರಲಿಲ್ಲ. ಮೈಕು ಕೆಳಗಿಟ್ಟು ಬಾಗಿಲು ತೆರೆದೆ.

ಅದು ನನ್ನ ಅಪರಾಧ, ಒಪ್ಪಿಕೊಳ್ಳುತ್ತೇನೆ. ನರ್ಸಮ್ಮನ ಪಕ್ಕ ಕುರ್ಚಿ ಎಳೆದು ಕೂತೆ. “ನೀವು ದಿನಾ ರೋಗಿಗಳಿಗೆ ನಿಮ್ಮ ಭಾಷೇಲಿ ಹೇಗೆ ಹೇಳ್ತೀರೋ ಹಾಗೇ ಹೇಳಿ ಮೊದ್ಲು” ಎಂದೆ. ಅವರು ಕಲ್ಪನೆಯ ಮುದುಕನ ಕೈ ಹಿಡಿದು ಹೇಳಿದರು. ಅದನ್ನೇ ಇಬ್ಬರೂ ಸೇರಿ ಒಂದೊಂದೇ ಮಾತಾಗಿ ಇಂಗ್ಲಿಷಿಗೆ ತಂದೆವು. ಗಡ್ಡದವನು ಕಿವಿಯ ಯಂತ್ರ ಕಿತ್ತಿಟ್ಟು, ಹಿಂದಿನ ಬೆಂಚಿನಲ್ಲಿ ಶಿಷ್ಯನಂತೆ ಕೂತು ಕೇಳುತ್ತಿದ್ದ. ಅಷ್ಟರಲ್ಲಿ ತಾವು ಹೊಸ ಗಿರಾಕಿಗಳಿಗೆ ಕೇಂದ್ರ ತೋರಿಸುತ್ತ ಒಳಬಂದಿರಿ.

ಈ ಹೆಂಗಸು ಯಾರೆಂದು ಅವರು ಕೇಳಿದಾಗ ತಾವು ಒಂದು ಕ್ಷಣವೂ ತಡವರಿಸದೆ, “ಅವ್ರಾ? ಕ್ಲೀನಿಂಗ್‌ನವರು” ಎಂದಿರಿ. ಗಡ್ಡದವನು ಎದ್ದು ನಿಂತು, “ಅಲ್ಲ ಸಾರ್, ಟೀಚರ್ ಇವ್ರೇ. ನಾನು ಟೈಲ್ಸ್ ಕೂರ್ಸೋನು” ಎಂದ. ತಾವು ಗಹಗಹಿಸಿ ನಕ್ಕು, “ಇವರ ದೇಶದವರ ತಮಾಷೆನೇ ಹೀಗೆ” ಎಂದು ಗಿರಾಕಿಗಳ ಬೆನ್ನು ತಟ್ಟಿದಿರಿ. ಸುಳ್ಳನ್ನು ಕ್ಷಣದಲ್ಲಿ ಹುಟ್ಟಿಸುವುದು ಹಲವರಿಗೆ ಬರುತ್ತದೆ. ಎದುರಿಗೇ ನಿಂತ ಸತ್ಯವನ್ನು ಜೋಕು ಮಾಡುವ ಕಲೆ ತಮಗೊಬ್ಬರಿಗೇ ಸಿದ್ಧಿಸಿದೆ. ಅರ್ಧ ಆಯುಷ್ಯ ಮಕ್ಕಳಿಗೆ ಮಾತು ಕಲಿಸಿದವಳು ನಾನು, ಎದ್ದು ಕುರ್ಚಿಯನ್ನು ಮೊದಲಿನ ಜಾಗಕ್ಕೆ ಸರಿಸಿ ಸ್ಟೋರ್ ರೂಮಿಗೆ ಮರಳಿದೆ. ವಿಷಯ ತಿಳಿದ ತಮ್ಮ ನಿಜವಾದ ಕ್ಲೀನಿಂಗ್ ಅಮ್ಮ ಮಾತ್ರ ನನ್ನ ಮೇಲೆ ಸಿಟ್ಟಾದರು: “ಒಂದಿನಾನಾದ್ರೂ ಆ ರೂಮ್ ಗುಡ್ಸಿದ್ದೀರೇನ್ರೀ ನೀವು?”

ಆ ಸಂಜೆಯೇ ನನ್ನನ್ನು ಕೆಲಸದಿಂದ ತೆಗೆದಿರಿ. ಕಾರಣ, “ನೀವು ಹೊರಗೆ ಕಾಣಿಸ್ಕೊಂಡ್ರಿ.” ಇಷ್ಟು ಪ್ರಾಮಾಣಿಕವಾದ ವಜಾ ಆದೇಶ ನನಗೆ ತಿಳಿದಂತೆ ಇನ್ನೊಂದಿಲ್ಲ. ಅಕ್ಕನಿಗೆ ಫೋನು ಮಾಡಿ ಅತ್ತೆ. “ಮುಖ ಸರಿಯಿಲ್ಲ ಅಂದ್ನಾ? ಆ ಮಾತು ಹೇಳೋಕೆ ನಾನೊಬ್ಳೇ ಲೈಸೆನ್ಸ್ ಇಟ್ಕೊಂಡಿರೋಳು” ಎಂದು ಅವಳು ಗುಡುಗಿದ ಮೇಲೆ ಸ್ವಲ್ಪ ಊಟ ಸೇರಿತು.

ತಮ್ಮ ಎದುರು ರಸ್ತೆಯ ಲಾಂಡ್ರಿಯಮ್ಮನಿಗೆ ಬಟ್ಟೆ ಮಡಿಸಲು ಜನ ಬೇಕಾಗಿತ್ತು. ಹೀಗಾಗಿ ನನ್ನ ಕೆಲಸದ ಪರವಾನಗಿಯಲ್ಲಿ ಈಗ ‘ಲಾಂಡ್ರಿ ಸಹಾಯಕಿ’ ಎಂದಿದೆ, ಕ್ಲೀನಿಂಗ್‌ನವಳೆಂಬ ತಮ್ಮ ವಾಕ್ಯ ಸುಳ್ಳಾಗಲಿಲ್ಲ. ಬೆಳಗ್ಗೆ ನಿಜಕ್ಕೂ ಬೆಡ್‌ಶೀಟು ಮಡಿಸುತ್ತೇನೆ. ಸಂಜೆ ಅವರ ಮೇಲ್ಮಹಡಿಯ ಕೋಣೆಯಲ್ಲಿ, ಕೆಳಗೆ ವಾಷಿಂಗ್ ಮೆಷಿನ್ನುಗಳು ಗುಡುಗುಡಿಸುವಾಗ, ಮುಖಕ್ಕೆ ಮುಖ ಕೊಟ್ಟು ಮಾತು ಕಲಿಸುತ್ತೇನೆ. ಮೊದಲು ಬಂದವರು ನರ್ಸಮ್ಮ. ಗಡ್ಡದವನೂ ತಮ್ಮನ್ನು ಬಿಟ್ಟುಬಂದು ತನ್ನ ಕಸುಬಿಗೆ ಮರಳಿದ್ದಾನೆ. ನಮ್ಮ ಕೋಣೆಯ ಒಡೆದ ನೆಲಕ್ಕೆ ಅವನೇ ಟೈಲ್ಸ್ ಹಾಕಿಕೊಟ್ಟ. ಒಂದು ಚೂರೂ ಓರೆಯಿಲ್ಲ. ನರ್ಸಮ್ಮ ಪಾಸಾದರು. ಅವರ ಭಾವಚಿತ್ರವನ್ನು ತಾವು ಗಡ್ಡದವನ ಹಳೆಯ ಚಿತ್ರದ ಪಕ್ಕದಲ್ಲಿ ಗಾಜಿನ ಬಾಗಿಲಿಗೆ ಅಂಟಿಸಿ ‘ನಮ್ಮ ಸಾಧನೆ’ ಎಂದು ಬರೆಸಿದ್ದನ್ನು ಮೇಲಿನ ಕಿಟಕಿಯಿಂದ ದಿನಾ ನೋಡಿ ಧನ್ಯಳಾಗುತ್ತಿದ್ದೇನೆ.

ಆದುದರಿಂದ ಪ್ರಾರ್ಥನೆ ಇಷ್ಟೇ. ಆ ಚಿತ್ರವನ್ನು ತೆಗೆಯಬೇಡಿ, ಅಂಟು ಗಟ್ಟಿಯಿರಬಹುದು, ಗಾಜು ಗೀರೀತು. ಅದರ ಬದಲು ದಯಮಾಡಿ ನಮ್ಮ ದಿವಂಗತ ತಾಯಿಯವರಿಗೆ ಒಂದು ನೋಟಿಸು ಕಳುಹಿಸಿ, ಹೆರಿಗೆಗೆ ಬೇರೆ ದೇಶಕ್ಕೆ ಹೋಗದಿದ್ದುದೇಕೆಂದು ಸಮಜಾಯಿಷಿ ಕೇಳಬೇಕು. ಅದು ಆಗದಿದ್ದರೆ, ಅಸಲಿ ಇಂಗ್ಲಿಷಿನವಳಾಗಿ ಹುಟ್ಟಲು ನಾನು ಯಾವ ಬಣ್ಣದಲ್ಲಿ, ಯಾವ ಆಸ್ಪತ್ರೆಯಲ್ಲಿ ಮರುಜನ್ಮ ಪಡೆಯಬೇಕೆಂಬುದನ್ನು ಮುದ್ರೆಯೊತ್ತಿ ತಿಳಿಸಬೇಕು. ಹಾಗೆ ಹುಟ್ಟಿ ಬಂದ ಮೇಲೆ ಟೈಲ್ಸ್ ಕೆಲಸ ಕಲಿತು ತಮ್ಮಲ್ಲಿ ಮತ್ತೆ ಅರ್ಜಿ ಹಾಕುತ್ತೇನೆ.

ಇನ್ನು ಬಚ್ಚಿಡಲು ಎಲ್ಲೂ ಜಾಗವಿಲ್ಲದ,
ತಮ್ಮ ವಿಶ್ವಾಸಿ,
ಎದುರು ಮಹಡಿಯ ಮೇಡಂ

ತಾ.ಕ.: ತಮ್ಮ ಶ್ರೀಮತಿಯವರು ಬಟ್ಟೆ ಒಗೆಯಲು ಹಾಕುವ ನೆಪದಲ್ಲಿ ತಮ್ಮ ಮಗಳನ್ನು ಒಂದು ತಿಂಗಳಿಂದ ನನ್ನಲ್ಲಿಗೆ ಕರೆತರುತ್ತಿದ್ದಾರೆ, ತಮಗೆ ಹೇಳಬಾರದೆಂದಿದ್ದರು. ಈ ಪತ್ರ ಅಚ್ಚಿಗೆ ಹೋಗುವ ಮುನ್ನ ಅವರೇ ಓದಿಸಿ ಕೇಳಿ, “ಇರ್ಲಿ, ಹಾಕಿ” ಎಂದರು. ರೂಢಿಯಾಗಿ ನಡೆಯುವ ಕೆಲಸಗಳಿಗೆ ವರ್ತಮಾನ ಕಾಲ ಬಳಸಬೇಕೆಂದು ಮೊನ್ನೆ ಮಗಳಿಗೆ ಹೇಳಿಕೊಟ್ಟು, ಉದಾಹರಣೆಗೆ ಒಂದು ವಾಕ್ಯ ಬರೆ ಎಂದೆ. ಮಗು, ‘ನಮ್ಮ ಅಪ್ಪ ಟೀಚರುಗಳನ್ನು ಬಚ್ಚಿಡುತ್ತಾರೆ’ ಎಂದು ಬರೆಯಿತು. ಕರ್ತೃ, ಕರ್ಮ, ಕ್ರಿಯಾಪದ ಎಲ್ಲ ಪರೀಕ್ಷಿಸಿದೆ, ಮಾನ್ಯರೇ. ತಿದ್ದಲು ಏನೂ ಸಿಗಲಿಲ್ಲ.