ಮೂರು ಪ್ರತಿಯಲ್ಲಿ ಅತ್ತೆಯ ನಗು

ಮಾವನವರ ನೆಗೆಟಿವ್‌ಗಳನ್ನು ನೂರು ವರ್ಷ ಕಾಪಾಡಿ ತೋರಿಸುತ್ತೇನೆಂದು ವಿಮಾ ಕಚೇರಿಯ ಹೆಡ್ ಗುಮಾಸ್ತರು ಊಟದ ಮೇಜು ಗುದ್ದಿ ಘೋಷಿಸಿದರು. ಸ್ಟುಡಿಯೋ ನಡೆಸುತ್ತಿದ್ದ ಮಾವ ಗುಮಾಸ್ತರಿಗೆ ಬಿಟ್ಟುಹೋದದ್ದು ಎರಡೇ: ಬಿಸ್ಕತ್ತಿನ ಡಬ್ಬಿ ತುಂಬ ಫಿಲ್ಮು, ಮತ್ತು ಈ ಅಳಿಯನನ್ನು ಸಹಿಸಿಕೊಂಡ ಮಗಳು.

"ನೂರು ವರ್ಷದ ಮಾತು ಆಮೇಲೆ," ಎಂದರು ಹೆಂಡತಿ. "ಹೋದ ವಾರ ತಂದ ಕೊಡೆ ಎಲ್ಲಿದೆ ಹೇಳಿ."

ಗುಮಾಸ್ತರು ಅಷ್ಟು ಸಣ್ಣ ವಿಷಯಕ್ಕೆ ಇಳಿಯಲಿಲ್ಲ. ಸ್ಕ್ಯಾನರ್ ತಂದರು. ಅತ್ತೆಯವರ ಹುಬ್ಬಿನ ಕೂದಲುಗಳ ಹಾಜರಿ ತೆಗೆದುಕೊಳ್ಳಬಹುದಾದಷ್ಟು ಸೂಕ್ಷ್ಮವಾಗಿ ಸ್ಕ್ಯಾನ್ ಮಾಡಿದರು. ಒಂದೊಂದು ಚಿತ್ರದ ಫೈಲೂ ಒಂದೊಂದು ಆನೆಯಾಯಿತು. ಆ ಆನೆಗಳನ್ನು ಒಂದು ಕೂದಲೂ ಉದುರದಂತೆ ಕುಗ್ಗಿಸಿ, ಹಾರ್ಡ್ ಡಿಸ್ಕಿಗೆ ಅಟ್ಟಿ, ಕಚೇರಿಯ ಪದ್ಧತಿಯಂತೆ ಮೂರು ಪ್ರತಿ ಮಾಡಿದರು. ಒಂದು ಬೀರುವಿನಲ್ಲಿ ಉಣ್ಣೆ ಟೋಪಿಯೊಳಗೆ, ಒಂದು ಕಚೇರಿಯ ಡ್ರಾಯರಿನಲ್ಲಿ, ಮತ್ತೊಂದು ನಾಲ್ಕು ಬೀದಿಯಾಚೆ ಭಾವಮೈದುನನ ಮನೆಯಲ್ಲಿ, ಈ ಮನೆಗೆ ಬೆಂಕಿ ಬಿದ್ದರೆ ಇರಲಿ ಎಂದು.

"ಬೆಂಕಿ ಬಿದ್ರೆ ನಾನು?"

ಗುಮಾಸ್ತರು ಗಂಭೀರವಾಗಿ ಯೋಚಿಸಿದರು. "ನಿಂಗೆ ಪ್ರತಿ ಇಲ್ವಲ್ಲ."

ಅವರ ಲೆಕ್ಕದಲ್ಲಿ ಅದು ಹೊಗಳಿಕೆಯೇ. ಆದರೂ ಎರಡು ದಿನ ಅವರ ಕಾಫಿಗೆ ಸಕ್ಕರೆ ಬೀಳಲಿಲ್ಲ.

ಅತ್ತೆಯವರ ಹುಬ್ಬು ಕಳ್ಳರ ಪಾಲಾಗಬಾರದೆಂದು ಮೂರು ಡಿಸ್ಕಿಗೂ ಇಪ್ಪತ್ತೆಂಟು ಅಕ್ಷರದ ಪಾಸ್‌ವರ್ಡ್ ಹಾಕಿ, ಅದನ್ನು ಚೀಟಿಯಲ್ಲಿ ಬರೆದುಕೊಂಡರು. ಆದರೆ ಸ್ಕ್ಯಾನರ್ ಬಂದಾಗಿನಿಂದ ಮನೆಯಲ್ಲಿ ಅವರದೇ ಒಂದು ಕಾನೂನಿತ್ತು: ಸ್ಕ್ಯಾನ್ ಆದದ್ದು ಮನೆಯಿಂದ ಹೊರಗೆ. ಗಡಿಯಾರದ ಗ್ಯಾರಂಟಿ ಕಾರ್ಡು, ಮದುವೆಯ ಕರೆಯೋಲೆ ಎಲ್ಲ ಹೀಗೇ ಹೊರಟುಹೋಗಿದ್ದವು. ಫಿಲ್ಮಿನ ಡಬ್ಬಿಯನ್ನೂ ಕಸಕ್ಕೆ ಹಾಕು ಎಂದು ಹೆಂಡತಿಯ ಕೈಗೆ ಕೊಟ್ಟರು. ಕಾನೂನು ಎಲ್ಲರಿಗೂ ಒಂದೇ ಎಂದು ಪಾಸ್‌ವರ್ಡಿನ ಚೀಟಿಯನ್ನೂ ಸ್ಕ್ಯಾನ್ ಮಾಡಿ, ಮೂರೂ ಡಿಸ್ಕಿನೊಳಗೆ ಸೇರಿಸಿ, ಚೀಟಿಯನ್ನು ಚೂರುಚೂರು ಮಾಡಿದರು.

ಮೂರು ತಿಂಗಳ ಮೇಲೆ ಅತ್ತೆಯವರಿಗೆ ಎಂಬತ್ತು ತುಂಬುವ ಭಾನುವಾರ ಹತ್ತಿರ ಬಂತು. ಆ ತಾಯಿ ಕ್ಯಾಮೆರಾದ ಮುಂದೆ ಬಾಯ್ತುಂಬ ನಕ್ಕದ್ದು ಜೀವಮಾನದಲ್ಲಿ ಒಂದೇ ಸಲ. ಆ ಪಟವನ್ನು ದೊಡ್ಡದು ಮಾಡಿಸಿ ಕೊಡಬೇಕೆಂದು ಮಗಳ ಆಸೆ.

ಗುಮಾಸ್ತರು ಠೀವಿಯಿಂದ ಡಿಸ್ಕು ಸಿಕ್ಕಿಸಿದರು. ಅದು ಪಾಸ್‌ವರ್ಡ್ ಕೇಳಿತು.

"ಭದ್ರವಾಗಿದೆ," ಎಂದರು ಗುಮಾಸ್ತರು.

"ಎಲ್ಲಿ?"

"ಒಳಗೆ."

ಡ್ರಾಯರಿನ ಪ್ರತಿ ತಂದರು. ಭಾವಮೈದುನನ ಮನೆಗೆ ಓಡಿದರು. ಮೂರೂ ಪ್ರತಿಗಳು ಅಕ್ಷರ ತಪ್ಪದೆ ಒಂದೇ ಪ್ರಶ್ನೆ ಕೇಳಿದವು. ಹುಟ್ಟಿದ ದಿನ, ಮದುವೆಯ ದಿನ, ಕೊನೆಗೆ 'ಅತ್ತೆಯವರೇ ಕ್ಷಮಿಸಿ' ಎಂದೂ ಟೈಪು ಮಾಡಿ ನೋಡಿದ್ದಾಯಿತು.

ಶನಿವಾರ ಮಧ್ಯಾಹ್ನ ಗುಮಾಸ್ತರು ಹೆಂಡತಿಯ ಮುಂದೆ ನಿಂತು, ಅಮ್ಮನ ನಗು ಹೋಯಿತೆಂದು ಒಪ್ಪಿಕೊಂಡರು. ಹೆಂಡತಿ ಹೊಲಿಗೆ ಮೆಷಿನ್ನಿನ ಕೆಳಗಿನಿಂದ ಬಿಸ್ಕತ್ತಿನ ಡಬ್ಬಿ ಎಳೆದು, ದಾರದ ಉಂಡೆಗಳನ್ನು ಪಕ್ಕಕ್ಕಿಟ್ಟು, ಒಂದು ತುಂಡು ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದರು. ಹಲ್ಲೆಲ್ಲ ಕಪ್ಪು, ಕೂದಲೆಲ್ಲ ಬಿಳಿ. ಮೂವತ್ತರ ಅತ್ತೆ ಎಂಬತ್ತರ ತಲೆಗೂದಲಲ್ಲಿ ನಗುತ್ತಿದ್ದರು.

ಗುಮಾಸ್ತರಿಗೆ ಹೋದ ಜೀವ ಬಂತು. ಬುದ್ಧಿ ಜೊತೆಗೆ ಬರಲಿಲ್ಲ. "ಕೊಡು ಇಲ್ಲಿ, ಈಗ್ಲೇ ಸ್ಕ್ಯಾನ್ ಮಾಡಿಬಿಡ್ತೀನಿ."

"ಮಾಡಿ. ಆದ್ಮೇಲೆ ಏನಾದ್ರೂ ಒಂದು ಮನೆಯಿಂದ ಹೊರಗೆ ಹೋಗ್ಬೇಕಲ್ಲ, ನಿಮ್ಮ ಕಾನೂನು. ಸ್ಕ್ಯಾನರೋ, ನೀವೋ, ನೀವೇ ತೀರ್ಮಾನ ಮಾಡಿ."

ಭಾನುವಾರ ಪಟ ಅತ್ತೆಯವರ ಕೈ ಸೇರಿತು. ಸ್ಕ್ಯಾನರು ಗುಮಾಸ್ತರ ಹೆಗಲೇರಿ ಭಾವಮೈದುನನ ಮನೆಗೆ ಹೊರಟಿತು. ಎರಡನೆಯ ಬೀದಿಯಲ್ಲಿ ಜೋರು ಮಳೆ ಹಿಡಿಯಿತು. ಕೊಡೆ ಇನ್ನೂ ಸಿಕ್ಕಿರಲಿಲ್ಲ.